ಒಂದು ದಿನ ಮೊದಲೇ ಟ್ರೈಫಲ್: ಕೆಡಿಸುವುದು ನೀರು, ಕಾಯುವುದು ರಮ್ ಅಲ್ಲ

ಪ್ರಶ್ನೆ: ನಮ್ಮದು ಚಿಂತಾಮಣಿ. ಮೇ ಕೊನೆಯ ಭಾನುವಾರ ಮಾವನವರಿಗೆ ಎಪ್ಪತ್ತು ತುಂಬುತ್ತದೆ. ಮನೆಯಲ್ಲೇ ಮೂವತ್ತು ಜನಕ್ಕೆ ಮಧ್ಯಾಹ್ನದ ಊಟ. ಅಡುಗೆಗೆ ಭಟ್ಟರು ಬರುತ್ತಾರೆ, ಸಿಹಿ ಮಾತ್ರ ನಾನೇ ಮಾಡಬೇಕೆಂಬ ಆಸೆ. ಗಾಜಿನ ಬಟ್ಟಲಲ್ಲಿ ಕೇಕು, ಕಸ್ಟರ್ಡು, ಮಾವಿನಹಣ್ಣು, ಕ್ರೀಮು ಪದರ ಪದರವಾಗಿ ಕಾಣುವ ಟ್ರೈಫಲ್, ಕೇಕಿಗೆ ಸ್ವಲ್ಪ ರಮ್ ಅಥವಾ ಕಿತ್ತಳೆ ಲಿಕರ್. ಭಾನುವಾರ ಬೆಳಿಗ್ಗೆ ಪೂಜೆ ಇರುವುದರಿಂದ ಶುಕ್ರವಾರ ರಾತ್ರಿಯೇ ಮಾಡಿ ಮುಗಿಸಬಹುದೇ? ಹೊಸ ವರ್ಷಕ್ಕೆ ಹೀಗೇ ಮಾಡಿದ್ದೆ. ಅನಾನಸ್ ಜೆಲ್ಲಿ ಕೂರಲೇ ಇಲ್ಲ, ಮಾರನೇ ದಿನ ತಳದಲ್ಲಿ ಎರಡು ಬೆರಳು ನೀರು ನಿಂತಿತ್ತು, ಕಸ್ಟರ್ಡು ಕಹಿಯಾಗಿತ್ತು. ರಮ್ ಜಾಸ್ತಿ ಹಾಕಿದರೆ ಎರಡು ದಿನ ಹೊರಗಿಟ್ಟರೂ ಕೆಡುವುದಿಲ್ಲ ಎನ್ನುತ್ತಾರೆ ನಾದಿನಿ. ನಿಜವೇ? ಇಲ್ಲಿ ಕರೆಂಟ್ ಹೋಗುವುದು ಮಾಮೂಲು. ಮಕ್ಕಳಿದ್ದಾರೆ, ತಂಗಿ ಬಸುರಿ, ಇಬ್ಬರು ಹಿರಿಯರು ಮದ್ಯ ಮುಟ್ಟುವುದಿಲ್ಲ, ಮೊಟ್ಟೆ ತಿನ್ನದವರೂ ಇದ್ದಾರೆ.

ಉತ್ತರ: ಟ್ರೈಫಲ್‌ಗೆ ಒಂದು ರಾತ್ರಿಯ ವಿಶ್ರಾಂತಿ ಬೇಕೇ ಬೇಕು, ಹಾಗಾಗಿ ನಿಮ್ಮ ಯೋಚನೆಯ ದಾರಿ ಸರಿಯಾಗಿಯೇ ಇದೆ. ಬೆಳಿಗ್ಗೆ ಕಟ್ಟಿ ಮಧ್ಯಾಹ್ನ ಬಡಿಸಿದರೆ ಕೇಕಿನ ರುಚಿ ಬೇರೆ, ಕಸ್ಟರ್ಡಿನ ರುಚಿ ಬೇರೆ, ರಮ್ಮಿನ ಘಾಟು ಬೇರೆ ಎಂದು ನಾಲಿಗೆಗೆ ಬಿಡಿಬಿಡಿಯಾಗಿ ಸಿಗುತ್ತದೆ. ರಾತ್ರಿ ಕಳೆದರೆ ಮೂರೂ ಹೊಂದಿಕೊಳ್ಳುತ್ತವೆ. ಆದರೆ ಶುಕ್ರವಾರ ರಾತ್ರಿ ಒಂಬತ್ತಕ್ಕೆ ಕಟ್ಟಿ ಭಾನುವಾರ ಮಧ್ಯಾಹ್ನ ಒಂದಕ್ಕೆ ತೆಗೆದರೆ ನಲವತ್ತು ಗಂಟೆಯಾಗುತ್ತದೆ. ಅಷ್ಟು ಬೇಡ. ಶನಿವಾರ ಮಧ್ಯಾಹ್ನ ಕಟ್ಟಿ, ಭಾನುವಾರ ಪೂಜೆಗೆ ಮುಂಚೆಯೋ ಆಮೇಲೋ ಇಪ್ಪತ್ತು ನಿಮಿಷ ಕೊಡಿ. ಕ್ರೀಮು ಮತ್ತು ಹಸಿ ಹಣ್ಣಿನ ಹೋಳು ಆಗ ಬಂದರೆ ಸಾಕು.

ನಾನು ಕೋಲಾರದಲ್ಲಿ ಇಪ್ಪತ್ತೆರಡು ವರ್ಷದಿಂದ ಸಮಾರಂಭಗಳಿಗೆ ಸಿಹಿ ಮಾಡಿಕೊಡುತ್ತಿದ್ದೇನೆ, ಕಲಿಯಲು ಬಂದವರಿಗೆ ಕಲಿಸುತ್ತಲೂ ಇದ್ದೇನೆ. ಟ್ರೈಫಲ್ ಕಲಿತದ್ದು ಕೆಜಿಎಫ್‌ನಲ್ಲಿ, ಚಾಂಪಿಯನ್ ರೀಫ್ ಕಡೆಯ ಒಬ್ಬ ಆಂಗ್ಲೋ ಇಂಡಿಯನ್ ಅಜ್ಜಿಯ ಅಡುಗೆಮನೆಯಲ್ಲಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಗೆ ಇಳಿದ ಮೇಲೆ ಬಂದ ಇಂಗ್ಲಿಷ್ ಅಡುಗೆ ಕಂಪನಿಯ ಬಂಗಲೆಗಳಿಂದ ಗಣಿ ಲೈನುಗಳ ಮನೆಗಳಿಗೂ ಇಳಿದಿತ್ತು. 2001ರಲ್ಲಿ ಗಣಿ ಮುಚ್ಚಿದ ಮೇಲೂ ಕ್ರಿಸ್‌ಮಸ್‌ಗೆ ಕುಲ್‌ಕುಲ್, ರೋಸ್ ಕುಕ್ಕೀಸ್ ಜೊತೆ ಟ್ರೈಫಲ್ ಮಾಡುವ ಮನೆಗಳು ಅಲ್ಲಿ ಉಳಿದವು. ಅಜ್ಜಿ ನನಗೆ ಮೊದಲ ದಿನ ಕಲಿಸಿದ್ದು ಒಂದೇ ಮಾತು: "ಬಟ್ಟಲಿಗೆ ಏನೇ ಹಾಕು, ಅದರಲ್ಲಿ ನೀರೆಷ್ಟು ಅಂತ ಮೊದಲು ಕೇಳು." ನಿಮ್ಮ ಹೊಸ ವರ್ಷದ ಬಟ್ಟಲಲ್ಲಿ ನಿಂತಿದ್ದ ಆ ಎರಡು ಬೆರಳು ನೀರಿಗೆ ಉತ್ತರ ಅದರಲ್ಲೇ ಇದೆ.

ಒಂದೊಂದು ಪದರವೂ ನೀರಿನ ಚೀಲ ಇದ್ದ ಹಾಗೆ. ಮಾವು, ಅನಾನಸ್, ದ್ರಾಕ್ಷಿ ಎಲ್ಲದರಲ್ಲೂ ನೂರಕ್ಕೆ ಎಂಬತ್ತು ಭಾಗದ ಆಸುಪಾಸು ನೀರೇ. ಹೆಚ್ಚಿದ ಹಣ್ಣಿಗೆ ಸಕ್ಕರೆ ತಾಗಿದ ಕೂಡಲೇ ಆ ನೀರು ಹೊರಗೆ ಬರಲು ಶುರು. ಉಪ್ಪಿನಕಾಯಿಗೆ ಮಾವಿನಕಾಯಿ ಹೋಳಿಗೆ ಉಪ್ಪು ಹಾಕಿಟ್ಟರೆ ಮಾರನೇ ದಿನ ರಸ ಬಿಟ್ಟಿರುತ್ತದಲ್ಲ, ಅದೇ ಕೆಲಸ ಇದು. ಕಸ್ಟರ್ಡು ಹಿಟ್ಟಿನ ಜೋರಿನಿಂದ ನೀರು ಹಿಡಿದಿಟ್ಟುಕೊಂಡಿರುತ್ತದೆ, ಹೊತ್ತು ಕಳೆದಂತೆ ಬಿಡುತ್ತದೆ. ಕಡೆದ ಕ್ರೀಮೂ ಹಾಗೆಯೇ. ರಮ್ಮಿನ ಬಾಟಲಿಯಲ್ಲೂ ಅರ್ಧಕ್ಕಿಂತ ಜಾಸ್ತಿ ನೀರೇ ಇರುವುದು. ಇವೆಲ್ಲ ಬಿಟ್ಟದ್ದನ್ನು ಕುಡಿಯಬಲ್ಲ ಪದರ ಒಂದೇ ಒಂದು, ಕೇಕು. ಅದನ್ನು ನೀವು ಮೊದಲೇ ರಸದಲ್ಲಿ ಮುಳುಗಿಸಿಬಿಟ್ಟರೆ ಮೇಲಿನಿಂದ ಇಳಿದ ನೀರಿಗೆ ಜಾಗ ಎಲ್ಲಿ? ತಳದಲ್ಲಿ ನಿಲ್ಲುತ್ತದೆ.

ನಿಮ್ಮ ನಾದಿನಿಯವರ ಮಾತನ್ನು ನಾನು ವರ್ಷಕ್ಕೆ ಹತ್ತು ಸಲವಾದರೂ ಕೇಳುತ್ತೇನೆ. ಅದರ ಮೂಲ ಪ್ಲಮ್ ಕೇಕು. ಒಣದ್ರಾಕ್ಷಿ, ಖರ್ಜೂರಗಳನ್ನು ರಮ್ಮಿನಲ್ಲಿ ತಿಂಗಳುಗಟ್ಟಲೆ ನೆನೆಹಾಕುತ್ತಾರೆ, ಕೆಡುವುದಿಲ್ಲ. ಅಲ್ಲಿ ಒಣಹಣ್ಣಿನ ಸಕ್ಕರೆಯೂ ರಮ್ಮಿನ 42.8% ಮದ್ಯಸಾರವೂ ಸೇರಿ ಸೂಕ್ಷ್ಮಜೀವಿಗಳಿಗೆ ಬದುಕಲು ಬಿಡುವುದಿಲ್ಲ. ಟ್ರೈಫಲ್‌ನ ಲೆಕ್ಕ ಹಾಕಿ ನೋಡಿ. ಇಪ್ಪತ್ತು ಜನರ ಬಟ್ಟಲು ಸುಮಾರು ಮೂರೂವರೆ ಕೆಜಿ ತೂಗುತ್ತದೆ. ಅದಕ್ಕೆ 90 ಮಿಲಿ ರಮ್ ಹಾಕಿದರೆ ನಿಜವಾದ ಮದ್ಯಸಾರ 38 ಮಿಲಿ ಚಿಲ್ಲರೆ, ಅಂದರೆ ಇಡೀ ಬಟ್ಟಲಿನ ನೂರಕ್ಕೆ ಒಂದು ಭಾಗ. ರಮ್ ಕುಡಿದ ಕೇಕಿನ ಪದರವನ್ನಷ್ಟೇ ತೆಗೆದುಕೊಂಡರೂ ನೂರಕ್ಕೆ ಐದು. ಹಾಲಿನ ಪದಾರ್ಥವನ್ನು ಕಾಯುವ ಶಕ್ತಿ ಅದಕ್ಕಿಲ್ಲ. ಕಾಯುವಷ್ಟು ಹಾಕಲು ಹೊರಟರೆ ತಿನ್ನಲಾಗದು. ಕೆಜಿಎಫ್‌ನಲ್ಲಿ ಹಿಂದೆ ಫ್ರಿಜ್ ಇಲ್ಲದೆಯೂ ಟ್ರೈಫಲ್ ನಡೆದದ್ದು ಡಿಸೆಂಬರ್ ಚಳಿಯ ರಾತ್ರಿಗಳಲ್ಲಿ, ಅದೂ ಸಂಜೆ ಕಟ್ಟಿ ಮಾರನೇ ಮಧ್ಯಾಹ್ನದೊಳಗೆ ಬಟ್ಟಲು ಬರಿದು ಮಾಡುವ ಮನೆಗಳಲ್ಲಿ. ನಿಮ್ಮದು ಮೇ ತಿಂಗಳು. ಚಿಂತಾಮಣಿಯ ಮಧ್ಯಾಹ್ನದ ಬಿಸಿಲಿಗೆ ಹೊರಗಿಟ್ಟ ಕಸ್ಟರ್ಡು ರಮ್ ಇದ್ದರೂ ಕೆಡುತ್ತದೆ, ಇಲ್ಲದಿದ್ದರೂ ಕೆಡುತ್ತದೆ.

ಇದಕ್ಕೆ ಅಂಟಿಕೊಂಡ ಇನ್ನೊಂದು ನಂಬಿಕೆ, ಕುದಿಸಿದರೆ ಅಮಲು ಪೂರಾ ಹಾರಿಹೋಗುತ್ತದೆ, ಆಮೇಲೆ ಯಾರಿಗೂ ಕೊಡಬಹುದು ಎನ್ನುವುದು. ಅಮೆರಿಕದ ಕೃಷಿ ಇಲಾಖೆ ಅಳೆದು ಕೊಟ್ಟಿರುವ ಪಟ್ಟಿಯ ಪ್ರಕಾರ ಬೆಂಕಿ ಹಚ್ಚಿ ಉರಿಸಿದರೂ 75% ಮದ್ಯಸಾರ ಉಳಿದಿರುತ್ತದೆ, ಹದಿನೈದು ನಿಮಿಷ ಕುದಿಸಿದರೆ 40% ಉಳಿಯುತ್ತದೆ. ನೀವು ಮಾಡುವುದು ಒಲೆಯನ್ನೇ ಕಾಣದ ಕೇಕಿನ ಪದರ. ಹಾಕಿದ್ದು ಹೆಚ್ಚುಕಮ್ಮಿ ಅಲ್ಲೇ ಇರುತ್ತದೆ. ಅದಕ್ಕೇ ನಿಮಗೆ ಎರಡು ಬಟ್ಟಲು ಬೇಕು ಎನ್ನುತ್ತಿದ್ದೇನೆ, ಅದನ್ನು ಮುಂದೆ ಹೇಳುತ್ತೇನೆ.

ಅನಾನಸ್ ಜೆಲ್ಲಿ ಕೂರದಿದ್ದುದಕ್ಕೆ ನಿಮ್ಮ ಕೈಗುಣ ಕಾರಣವಲ್ಲ, ಹಣ್ಣೇ ಕಾರಣ. ಹಸಿ ಅನಾನಸ್‌ನಲ್ಲಿ ಬ್ರೊಮೆಲೈನ್ ಎಂಬ ಕಿಣ್ವವಿದೆ. ಪ್ರೋಟೀನ್ ಕತ್ತರಿಸುವುದೇ ಅದರ ಕೆಲಸ. ಮಾಂಸ ಮೆತ್ತಗಾಗಲೆಂದು ಪರಂಗಿಕಾಯಿ ಅರೆದು ಹಚ್ಚುತ್ತಾರಲ್ಲ, ಅದೇ ಬಗೆಯದು. ಜೆಲ್ಲಿಯನ್ನು ಕೂರಿಸುವ ಜೆಲಟಿನ್ ಪ್ರೋಟೀನ್ ಆದ್ದರಿಂದ ಅನಾನಸ್, ಪರಂಗಿ, ಕಿವಿ, ಹಸಿ ಅಂಜೂರ ಸೇರಿದರೆ ಎಷ್ಟು ಹೊತ್ತು ಫ್ರಿಜ್‌ನಲ್ಲಿಟ್ಟರೂ ಅದು ಕೂರುವುದಿಲ್ಲ. ಹಾಲಿನಲ್ಲಿರುವುದೂ ಪ್ರೋಟೀನೇ. ಕಿಣ್ವ ಅದನ್ನು ತುಂಡರಿಸಿದಾಗ ಬರುವ ರುಚಿಯೇ ನೀವು ಕಂಡ ಕಹಿ. ತುಂಬ ಜನ ಹಾಲು ಕೆಟ್ಟಿತ್ತು ಎಂದುಕೊಂಡು ಹಾಲಿನವರ ಮೇಲೆ ಹಾಕುತ್ತಾರೆ. ಅನಾನಸ್ ಬೇಕೇ ಬೇಕೆಂದರೆ ಹೋಳುಗಳನ್ನು ಸಕ್ಕರೆ ಹಾಕಿ ಐದು ನಿಮಿಷ ಚೆನ್ನಾಗಿ ಕುದಿಸಿ ಆರಿಸಿ ಹಾಕಿ, ಕಿಣ್ವ ಸತ್ತಿರುತ್ತದೆ. ಡಬ್ಬಿಯ ಅನಾನಸ್ ಮೊದಲೇ ಬೆಂದಿರುವುದರಿಂದ ಅದಕ್ಕೂ ತೊಂದರೆಯಿಲ್ಲ.

ಈ ಸಲ ಜೆಲ್ಲಿಯನ್ನೇ ಬಿಟ್ಟುಬಿಡಿ ಎಂಬುದು ನನ್ನ ಸಲಹೆ. ಜೆಲಟಿನ್ ಪ್ರಾಣಿಯ ಮೂಳೆ, ಚರ್ಮದಿಂದ ತೆಗೆಯುವಂಥದು. ಮೊಟ್ಟೆಯನ್ನೇ ತಿನ್ನದವರಿಗೆ ಅದನ್ನು ಹೇಳದೆ ಬಡಿಸುವುದು ಸರಿಯಲ್ಲ. ಸಾಲದ್ದಕ್ಕೆ ಅದು ಮೂವತ್ತು ಡಿಗ್ರಿ ದಾಟಿದರೆ ಕರಗಲು ಶುರುವಾಗುತ್ತದೆ, ಮೇ ತಿಂಗಳ ಊಟದ ಮೇಜಿನ ಮೇಲೆ ಹತ್ತು ನಿಮಿಷಕ್ಕೇ ಅಂಚು ಸಡಿಲವಾಗುತ್ತದೆ. ಜೆಲ್ಲಿಯ ಹೊಳಪು ಬೇಕೆಂದರೆ ಅಂಗಡಿಯಲ್ಲಿ ಚೈನಾ ಗ್ರಾಸ್ ಎಂದು ಕೊಡುವ ಅಗರ್ ತನ್ನಿ. ಅದು ಕಡಲ ಪಾಚಿಯಿಂದ ಬಂದದ್ದು. ಪ್ರೋಟೀನ್ ಅಲ್ಲದ ಕಾರಣ ಅನಾನಸ್‌ಗೂ ಹೆದರುವುದಿಲ್ಲ. ಒಮ್ಮೆ ಕೂತ ಮೇಲೆ ಮತ್ತೆ ಕರಗಲು ಎಂಬತ್ತೈದು ಡಿಗ್ರಿಯ ಹತ್ತಿರ ಕಾಯಬೇಕು. ಅರ್ಧ ಲೀಟರಿಗೆ ನಾಲ್ಕು ಗ್ರಾಂ ಪುಡಿ ಸಾಕು. ಒಂದೇ ಕೊರತೆ, ರಾತ್ರಿ ಕಳೆದರೆ ಅದೂ ಸ್ವಲ್ಪ ಬೆವರುತ್ತದೆ. ಅಷ್ಟು ನೀರಿನ ಲೆಕ್ಕವೂ ನಿಮ್ಮದೇ ಆಗುತ್ತದೆ.

ಇನ್ನು ಕಸ್ಟರ್ಡಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಟ್ರೈಫಲ್ ಗೆಲ್ಲುವುದೂ ಸೋಲುವುದೂ ಇಲ್ಲಿಯೇ. ಕಸ್ಟರ್ಡ್ ಪುಡಿಯಲ್ಲಿ ಮೊಟ್ಟೆ ಇರುತ್ತದೆ ಎಂದು ಹೆದರುವವರು ಈಗಲೂ ಇದ್ದಾರೆ. 1837ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಲ್ಫ್ರೆಡ್ ಬರ್ಡ್ ಆ ಪುಡಿ ಕಂಡುಹಿಡಿದದ್ದೇ ತನ್ನ ಹೆಂಡತಿಗೆ ಮೊಟ್ಟೆ ಒಗ್ಗದ ಕಾರಣಕ್ಕೆ. ಅದರಲ್ಲಿರುವುದು ಮುಖ್ಯವಾಗಿ ಮೆಕ್ಕೆಜೋಳದ ಪಿಷ್ಟ (ಕಾರ್ನ್‌ಫ್ಲೋರ್), ಬಣ್ಣ, ಪರಿಮಳ. ನಿಮ್ಮ ಮನೆಗೆ ಇದೇ ಸೂಕ್ತ. ಮೊಟ್ಟೆಯ ಹಳದಿಯ ಕಸ್ಟರ್ಡು ರುಚಿಯಲ್ಲಿ ಮೇಲು, ಒಪ್ಪುತ್ತೇನೆ, ಆದರೆ ಮುಂಚಿತವಾಗಿ ಮಾಡಿಡುವ, ಕರೆಂಟ್ ನಂಬಲಾಗದ ಊರಿನ ಬೇಸಿಗೆ ಊಟಕ್ಕೆ ನಾನು ಅದನ್ನು ಮಾಡಿಕೊಡುವುದಿಲ್ಲ. ಹಸಿ ಮೊಟ್ಟೆ ಬೀಳುವ ಸಿಹಿಗಳಂತೂ ಬೇಡವೇ ಬೇಡ.

ಪೊಟ್ಟಣದ ಮೇಲಿನ ಅಳತೆ ಸಾಮಾನ್ಯವಾಗಿ ಸುರಿದುಕೊಂಡು ತಿನ್ನುವ ತೆಳು ಕಸ್ಟರ್ಡಿನದು. ಪದರ ನಿಲ್ಲಬೇಕಾದರೆ ಅರ್ಧ ಲೀಟರ್ ಹಾಲಿಗೆ 30 ಗ್ರಾಂ, ಅಂದರೆ ಮೂರು ದೊಡ್ಡ ಚಮಚ ಪುಡಿ ಬೇಕು. ತಣ್ಣನೆ ಹಾಲಿನಲ್ಲಿ ಕಲಸಿ, ಕುದಿಯುವ ಹಾಲಿಗೆ ಸುರಿದ ಮೇಲೆ ಗಟ್ಟಿಯಾಯಿತೆಂದು ತಕ್ಷಣ ಇಳಿಸಬೇಡಿ. ಗುಳ್ಳೆ ಬರುವ ಹಾಗೆ ಪೂರ್ತಿ ಎರಡು ನಿಮಿಷ ಕುದಿಯಲಿ. ಪಿಷ್ಟದ ಕಣಗಳು ಅರೆಬೆಂದಿದ್ದರೆ ಹಿಟ್ಟಿನ ಹಸಿ ರುಚಿಯೂ ಉಳಿಯುತ್ತದೆ, ರಾತ್ರಿ ನೀರೂ ಬಿಡುತ್ತದೆ. ಸೌಟಿನ ಹಿಂಬದಿಗೆ ಅಂಟಿದ ಕಸ್ಟರ್ಡಿನ ಮೇಲೆ ಬೆರಳಲ್ಲಿ ಗೀರು ಎಳೆದರೆ ಗೀರಿನ ಎರಡು ದಡವೂ ಒಳಗೆ ಹರಿಯದೆ ನಿಲ್ಲಬೇಕು. ಅದೇ ಹದ.

ಆರಂಭದ ವರ್ಷಗಳಲ್ಲಿ ಒಂದು ತೊಂದರೆ ನನ್ನನ್ನು ಬಹಳ ಕಾಡಿತು. ರಾತ್ರಿ ಸೌಟು ನಿಲ್ಲುವಷ್ಟು ಗಟ್ಟಿ ಇದ್ದ ಕಸ್ಟರ್ಡು ಬೆಳಿಗ್ಗೆ ಮಜ್ಜಿಗೆಯಂತಾಗಿರುತ್ತಿತ್ತು. ಹಾಲು ಬದಲಿಸಿದೆ, ಪುಡಿ ಬದಲಿಸಿದೆ, ಪಾತ್ರೆ ಬದಲಿಸಿದೆ. ಕಡೆಗೆ ಗೊತ್ತಾಯಿತು, ತಪ್ಪು ನನ್ನ ಚಮಚದ್ದು. ಉಗುರುಬೆಚ್ಚಗಿರುವಾಗ ಸಿಹಿ ನೋಡಲು ನೆಕ್ಕಿದ ಚಮಚವನ್ನೇ ಮತ್ತೆ ಅದ್ದುತ್ತಿದ್ದೆ. ಎಂಜಲಿನಲ್ಲಿ ಅಮೈಲೇಸ್ ಎಂಬ ಕಿಣ್ವವಿದೆ, ಅದು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. ಅನ್ನವನ್ನು ಹೆಚ್ಚು ಹೊತ್ತು ಅಗಿದರೆ ಸಿಹಿಯಾಗುವುದೂ ಅದರಿಂದಲೇ. ಒಂದು ಹನಿ ಸಾಕು, ರಾತ್ರಿಯಿಡೀ ಕೂತು ಪಾತ್ರೆಯನ್ನೆಲ್ಲ ಸಡಿಲ ಮಾಡುತ್ತದೆ. ಎಂಜಲು ಮಾಡಬಾರದು ಎಂದು ನಮ್ಮಜ್ಜಿಯರು ಗದರುತ್ತಿದ್ದುದು ಎಷ್ಟು ಸರಿ ಎಂದು ನನಗೆ ಅಂದು ಅರ್ಥವಾಯಿತು. ರುಚಿ ನೋಡುವುದಾದರೆ ಬೇರೆ ಬಟ್ಟಲಿಗೆ ಬಗ್ಗಿಸಿಕೊಂಡು ನೋಡಿ. ಮನೆಯ ಮಕ್ಕಳು ಬೆರಳು ಹಾಕದಂತೆ ಮುಚ್ಚಿಡಿ.

ಕಸ್ಟರ್ಡನ್ನು ಯಾವಾಗ ಸುರಿಯಬೇಕು ಎಂಬಲ್ಲಿ ಹೆಚ್ಚಿನವರು ಎಡವುತ್ತಾರೆ. ಹಿಂದಿನ ದಿನ ಮಾಡಿ ಫ್ರಿಜ್‌ನಲ್ಲಿ ಗಟ್ಟಿಯಾಗಿಸಿ, ಮಾರನೇ ದಿನ ಕಲಕಿ ಸುರಿಯುತ್ತಾರೆ. ಕೂತ ಪಿಷ್ಟದ ಹೆಣಿಗೆ ಕಲಕಿದಾಗ ಹರಿಯುತ್ತದೆ, ಮತ್ತೆ ಮೊದಲಿನಂತೆ ಕೂಡುವುದಿಲ್ಲ, ನೀರು ಬಿಡುತ್ತದೆ. ನೀವು ಶನಿವಾರ ಮಾಡಿ, ಪಾತ್ರೆಯನ್ನು ಐಸ್ ನೀರಿನ ತಟ್ಟೆಯಲ್ಲಿಟ್ಟು ಮೆಲ್ಲಗೆ ತಿರುವುತ್ತ ಬೆಚ್ಚಗಾಗುವಷ್ಟು ಆರಿಸಿ. ಬೆರಳಿಗೆ ಹಿತವಾದ ಬಿಸಿ ಇರುವಾಗಲೇ, ಇನ್ನೂ ಸರಾಗ ಹರಿಯುತ್ತಿರುವಾಗಲೇ, ಬಟ್ಟಲಿಗೆ ಸುರಿಯಿರಿ. ಸೌಟನ್ನು ಬೋರಲು ಹಿಡಿದು ಅದರ ಬೆನ್ನ ಮೇಲೆ ಬಿಟ್ಟರೆ ಕೆಳಗಿನ ಪದರ ಕದಡುವುದಿಲ್ಲ. ಮೇಲೆ ಕ್ಲಿಂಗ್ ಫಿಲ್ಮ್ (ಅಂಟುವ ತೆಳು ಪ್ಲಾಸ್ಟಿಕ್ ಹಾಳೆ) ಅನ್ನು ಕಸ್ಟರ್ಡಿಗೆ ಅಂಟುವ ಹಾಗೆ ಹಾಸಿ. ಕೆನೆಗಟ್ಟುವುದಿಲ್ಲ, ಮುಚ್ಚಳದಿಂದ ಆವಿಯ ಹನಿಯೂ ಬೀಳುವುದಿಲ್ಲ.

ಕೇಕು ಗುರುವಾರವೇ ಮಾಡಿ ಅಥವಾ ತನ್ನಿ. ಹಳತಾದಷ್ಟೂ ಒಳ್ಳೆಯದು. ಬೆಣ್ಣೆ, ಎಣ್ಣೆ ಜಾಸ್ತಿ ಇರುವ ಟೀ ಕೇಕು ರಸ ಕುಡಿಯುವುದಿಲ್ಲ, ಪುಡಿಯಾಗುತ್ತದೆ. ಕೊಬ್ಬಿಲ್ಲದ ಬರೀ ಸ್ಪಂಜು ಕೇಕು ಕೇಳಿ ತನ್ನಿ. ಬೆರಳುದ್ದ ತುಂಡು ಮಾಡಿ ನೂರು ಡಿಗ್ರಿ ಓವನ್‌ನಲ್ಲಿ ಇಪ್ಪತ್ತು ನಿಮಿಷ ಒಣಗಿಸಿದರೆ ಇನ್ನೂ ಚೆನ್ನ. ಮೊಟ್ಟೆ ಬೇಡದವರ ಬಟ್ಟಲಿಗೆ ನಮ್ಮ ಅಯ್ಯಂಗಾರ್ ಬೇಕರಿ ರಸ್ಕಿಗಿಂತ ಒಳ್ಳೆಯದು ನನಗೆ ಇದುವರೆಗೆ ಸಿಕ್ಕಿಲ್ಲ. ಮೊಟ್ಟೆ ಹಾಕಿಲ್ಲವೆಂದು ಮಾತ್ರ ಕೇಳಿ ಖಚಿತ ಮಾಡಿಕೊಳ್ಳಿ. ಒಣಗಿದ ಸ್ಪಂಜು ನೂರು ಗ್ರಾಂಗೆ 65 ಮಿಲಿ ರಸ, ರಸ್ಕಾದರೆ ಅದರ ತೂಕದಷ್ಟೇ ರಸ. ಅದಕ್ಕಿಂತ ಒಂದು ಚಮಚವೂ ಹೆಚ್ಚು ಬೇಡ. ತುಂಡನ್ನು ಎರಡು ಬೆರಳಲ್ಲಿ ಒತ್ತಿದಾಗ ತೇವ ಹೊಳೆಯಬೇಕು, ಹನಿ ಉದುರಬಾರದು. ಒಣ ಉಳಿಯಿತಲ್ಲ ಎಂಬ ಅಳುಕು ಬಂದೇ ಬರುತ್ತದೆ, ಆಗ ಕೈ ಹಿಡಿಯಿರಿ. ರಾತ್ರಿ ಮೇಲಿನಿಂದ ಇಳಿಯುವ ನೀರಿಗಾಗಿ ನೀವು ಬಿಟ್ಟ ಜಾಗ ಅದು.

ಮದ್ಯ, ಕಿತ್ತಳೆ ರಸ, ಸಕ್ಕರೆ ಪಾಕ ಸೇರಿದ ಈ ರಸಕ್ಕೆ ಯಾವ ಮದ್ಯ ಹಾಕುವುದು? ಮಾವಿನಹಣ್ಣಿಗೆ ಡಾರ್ಕ್ ರಮ್ ಹೇಳಿ ಮಾಡಿಸಿದ ಜೋಡಿ. ರಮ್ಮೂ ಕಬ್ಬಿನ ಕಾಕಂಬಿಯದೇ, ಬೆಲ್ಲದ ವಾಸನೆ ಅದರಲ್ಲಿದೆ. ಬೆಲ್ಲ, ಮಾವು ನಮ್ಮ ನಾಲಿಗೆಗೆ ಶೀಕರಣೆಯಿಂದಲೇ ಪರಿಚಿತ. ಕಿತ್ತಳೆ ಲಿಕರ್ ಹಾಕುವುದಾದರೆ ಅದರಲ್ಲೇ ಸಾಕಷ್ಟು ಸಕ್ಕರೆ ಇರುವುದರಿಂದ ಪಾಕವನ್ನು ಅರ್ಧಕ್ಕಿಳಿಸಿ. ಇಂಗ್ಲೆಂಡಿನಲ್ಲಿ ಶೆರಿ ಎಂಬ ವೈನ್ ಹಾಕುತ್ತಾರೆ, ನಮ್ಮ ಕಡೆ ಹುಡುಕಿ ಅಲೆಯುವುದು ಬೇಡ. ಕೆಂಪು ವೈನ್ ಮಾವಿಗೆ ಹೊಂದುವುದಿಲ್ಲ. ಅದು ನಮ್ಮ ಚಿಕ್ಕಬಳ್ಳಾಪುರ ಸೀಮೆಯ ಬೆಂಗಳೂರು ಬ್ಲೂ ದ್ರಾಕ್ಷಿಯ ಟ್ರೈಫಲ್‌ಗೆ ಸರಿ. ದ್ರಾಕ್ಷಿಯನ್ನು ಬೇಯಿಸಿ, ಬೀಜ ಸಿಪ್ಪೆ ಸೋಸಿ, ರಸ ಇಂಗಿಸಿ ಮಾಡಿದರೆ ಗಾಜಿನ ಬಟ್ಟಲಲ್ಲಿ ಆ ನೇರಳೆ ಪದರ ನೋಡಲೇ ಹಬ್ಬ. ದ್ರಾಕ್ಷಿಯ ಕಾಲಕ್ಕೆ ಅದನ್ನೂ ಒಮ್ಮೆ ಮಾಡಿ ನೋಡಿ. ಯಾವುದೇ ಮದ್ಯವಿರಲಿ, ಕೇಕಿಗೆ ಮಾತ್ರ. ವೈನಿನ ಹುಳಿ ಕಸ್ಟರ್ಡಿಗೋ ಕ್ರೀಮಿಗೋ ಬಿದ್ದರೆ ಹಾಲು ಒಡೆದ ಹಾಗೆ ಒಡೆಯುತ್ತದೆ. ಮೊದಲ ದಿನ ಘಾಟು ಜೋರು ಎನಿಸಿದರೂ ಭಾನುವಾರಕ್ಕೆ ಇಳಿದಿರುತ್ತದೆ. ಹಾಗೆಯೇ, ತಣ್ಣಗಾದ ತಿನಿಸಿನಲ್ಲಿ ಸಿಹಿ ಒಂದು ಪಾವಲಿ ಕಡಿಮೆಯೇ ಅನಿಸುತ್ತದೆ, ಬಿಸಿ ಇರುವಾಗ ಸ್ವಲ್ಪ ಮುಂದಿರಲಿ.

ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಪಕ್ಕದಲ್ಲೇ ಇರುವ ನಿಮಗೆ ಹಣ್ಣಿನ ಬಗ್ಗೆ ನಾನು ಹೇಳಬೇಕಾದ್ದೇನಿದೆ? ಆದರೂ ಎರಡು ಮಾತು. ರಸಪೂರಿ ಮಾವು ತಿರುಳಿಗೆ, ಬಾದಾಮಿ ಮಾವು ಹೋಳು ಮಾಡಲು. ರಸಪೂರಿಯ ತಿರುಳನ್ನು ಶುಕ್ರವಾರವೇ ದಪ್ಪ ತಳದ ಪಾತ್ರೆಯಲ್ಲಿ ಕುದಿಸಿ ನೂರಕ್ಕೆ ಇಪ್ಪತ್ತು ಭಾಗ ಇಂಗಿಸಿ, ಕೊನೆಗೆ ಅರ್ಧ ಕೆಜಿಗೆ ಒಂದು ಚಮಚ ಮೆಕ್ಕೆಜೋಳದ ಪಿಷ್ಟ ನೀರಲ್ಲಿ ಕಲಸಿ ಸೇರಿಸಿ, ಮತ್ತೊಂದು ಕುದಿ ಬರಲಿ, ನಿಂಬೆರಸ ನಾಲ್ಕು ಹನಿ. ಇದು ಜಾಮಿನಂತೆ ಕೂರುತ್ತದೆ, ನೀರು ಬಿಡುವುದಿಲ್ಲ, ಪದರಕ್ಕೆ ಗೆರೆ ಎಳೆದಂಥ ಅಂಚು ಕೊಡುತ್ತದೆ. ಹಸಿ ಬಾದಾಮಿ ಹೋಳು ಭಾನುವಾರ ಕೊನೆಯಲ್ಲಿ ಮೇಲೆ ಮಾತ್ರ. ಸಕ್ಕರೆ ಸೋಕಿಸಬೇಡಿ. ಸ್ವಲ್ಪ ಗಟ್ಟಿ ಇರುವ ಹಣ್ಣನ್ನು ಇದಕ್ಕೆಂದು ಎತ್ತಿಡಿ, ತೀರಾ ಕಳಿತದ್ದು ಚಾಕುವಿಗೇ ಅಂಟುತ್ತದೆ. ಬಾಳೆಹಣ್ಣು, ಸೇಬು ಕಪ್ಪಾಗುತ್ತವೆ, ಈ ಬಟ್ಟಲಿಗೆ ಅವು ಬೇಡ. ತುಮಕೂರಿನ ಒಬ್ಬರು ನನಗೆ ಚೇಳೂರಿನ ಸಿದ್ದು ಹಲಸಿನ ಕೆಂಪು ತೊಳೆ ಹಾಕಿ ಮಾಡಿ ತಿನ್ನಿಸಿದ್ದರು, ಇವತ್ತಿಗೂ ನೆನಪಿದೆ.

ಕ್ರೀಮಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಗಡಿಯಲ್ಲಿ ಸಿಗುವ ಟೆಟ್ರಾ ಪ್ಯಾಕಿನ ಫ್ರೆಶ್ ಕ್ರೀಮಿನಲ್ಲಿ ಸಾಮಾನ್ಯವಾಗಿ ಕೊಬ್ಬು 25%. ಮೂವತ್ತಕ್ಕಿಂತ ಕಡಿಮೆಯದು ಎಷ್ಟು ಕಡೆದರೂ ನಿಲ್ಲುವುದಿಲ್ಲ. ಹಾಲಿನ ವಿಪ್ಪಿಂಗ್ ಕ್ರೀಮು ಸಿಕ್ಕರೆ ಭಾನುವಾರ ಕಡೆದು ಹಾಕಿ. ಸಿಗದಿದ್ದರೆ ಬೇಕರಿಯವರು ಬಳಸುವ ಎಣ್ಣೆಯ ವಿಪ್ ಟಾಪಿಂಗ್ ಎರಡು ದಿನವೂ ಅಲುಗದೆ ನಿಲ್ಲುತ್ತದೆ, ಆದರೆ ಬಾಯಲ್ಲಿ ಜಿಡ್ಡು ಉಳಿಯುತ್ತದೆ. ನನ್ನ ಮನೆಗೆ ನಾನು ಮಾಡುವುದು ಮೂರನೆಯ ದಾರಿ: ರಾತ್ರಿಯಿಡೀ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದ ಹುಳಿಯಿಲ್ಲದ ಗಟ್ಟಿ ಮೊಸರಿಗೆ ಪುಡಿ ಸಕ್ಕರೆ, ಅದಕ್ಕೆ ಅರ್ಧದಷ್ಟು ಕಡೆದ ಕ್ರೀಮು. ಮಾವಿಗೆ ಬಹಳ ಹೊಂದುತ್ತದೆ.

ಅಳತೆ ಹೀಗಿಟ್ಟುಕೊಳ್ಳಿ. ದೊಡ್ಡ ಬಟ್ಟಲು ನಾಲ್ಕು ಲೀಟರಿನದು, ಇಪ್ಪತ್ತು ಜನಕ್ಕೆ: ಸ್ಪಂಜು ಕೇಕು 450 ಗ್ರಾಂ, ರಸ 300 ಮಿಲಿ, ಅದರಲ್ಲಿ ರಮ್ 90, ಕಿತ್ತಳೆ ರಸ 90, ಸಕ್ಕರೆ ಪಾಕ 120. ಇಂಗಿಸಿದ ಮಾವಿನ ತಿರುಳು 600 ಗ್ರಾಂ. ಹಾಲು ಒಂದೂಕಾಲು ಲೀಟರಿಗೆ ಕಸ್ಟರ್ಡ್ ಪುಡಿ 75 ಗ್ರಾಂ, ಸಕ್ಕರೆ 125. ಮೇಲೆ ಬಾದಾಮಿ ಹೋಳು 400 ಗ್ರಾಂ, ಕ್ರೀಮು 300 ಮಿಲಿ. ಎರಡನೆಯ ಬಟ್ಟಲು ಇದರ ಅರ್ಧ. ಅದಕ್ಕೆ ಕೇಕಿನ ಬದಲು ರಸದ ತೂಕದಷ್ಟೇ ರಸ್ಕು, ರಮ್ಮಿನ ಬದಲು ಕಿತ್ತಳೆ ರಸವೇ, ಜೊತೆಗೆ ಕಿತ್ತಳೆಯ ಹೊರಸಿಪ್ಪೆ ತುರಿದು ಒಂದು ಚಿಟಿಕೆ, ಏಲಕ್ಕಿ ಎರಡು. ಮಕ್ಕಳಿಗೆ, ನಿಮ್ಮ ತಂಗಿಗೆ, ಹಿರಿಯರಿಗೆ, ಮೊಟ್ಟೆ ಬೇಡದವರಿಗೆ ಈ ಬಟ್ಟಲು. ಬಸುರಿಯರಿಗೆ ಇಷ್ಟು ಮದ್ಯವಾದರೆ ಪರವಾಗಿಲ್ಲ ಎಂಬ ಸುರಕ್ಷಿತ ಅಳತೆ ಯಾವುದೂ ಇಲ್ಲ, ಆದ್ದರಿಂದ ಒಂದು ಚಮಚ ರುಚಿಗೆ ಎಂಬ ಒತ್ತಾಯವೂ ಬೇಡ. ಮಾತ್ರೆ ತೆಗೆದುಕೊಳ್ಳುತ್ತಿರುವ ಅತಿಥಿಗಳನ್ನೂ ನೆನಪಿಡಿ. ಮೆಟ್ರೊನಿಡಜೋಲ್‌ನಂಥ ಔಷಧ ಕೊಡುವಾಗ ವೈದ್ಯರು ಮದ್ಯ ಬೇಡವೆಂದು ಹೇಳಿರುತ್ತಾರೆ. ಕುಡಿತ ಬಿಡಲು ಡೈಸಲ್ಫಿರಾಮ್ ತೆಗೆದುಕೊಳ್ಳುವವರಿಗೆ ಸ್ವಲ್ಪ ಮದ್ಯವೂ ತೀವ್ರ ತೊಂದರೆ ಕೊಡುತ್ತದೆ, ಅವರು ಅದನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ. ಅದಕ್ಕೇ ಯಾರನ್ನೂ ಕೇಳುವ ಪ್ರಸಂಗ ಬಾರದಂತೆ ಎರಡೂ ಬಟ್ಟಲಿನ ಮುಂದೆ ಚೀಟಿ ಬರೆದಿಡಿ: ಇದರಲ್ಲಿ ರಮ್ ಇದೆ, ಮೊಟ್ಟೆ ಇದೆ; ಇದರಲ್ಲಿ ಎರಡೂ ಇಲ್ಲ. ಬಡಿಸುವ ಸೌಟೂ ಬೇರೆ ಬೇರೆ.

ಈಗ ಕರೆಂಟು. ಆಹಾರ ಸುರಕ್ಷತೆಯ ನಿಯಮದಲ್ಲಿ 5ರಿಂದ 60 ಡಿಗ್ರಿ ನಡುವಿನದನ್ನು ಅಪಾಯದ ವಲಯ ಎನ್ನುತ್ತಾರೆ. ಹಾಲಿನ ಪದಾರ್ಥ ಅಲ್ಲಿ ಒಟ್ಟು ಎರಡು ಗಂಟೆಗಿಂತ ಹೆಚ್ಚು ಇರಬಾರದು, ಹೊರಗಿನ ಬಿಸಿ 32 ದಾಟಿದರೆ ಒಂದೇ ಗಂಟೆ. ಇಲ್ಲಿ ಒಂದು ವಿಷಯ ಗಂಭೀರವಾಗಿ ಹೇಳಬೇಕು. ಕೈಯ ಗಾಯದಿಂದ, ಮೂಗಿನಿಂದ ಬರುವ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾ ಕಸ್ಟರ್ಡಿನಲ್ಲಿ ಬೆಳೆದು ವಿಷ ಬಿಡುತ್ತದೆ. ವಾಸನೆ ಬದಲಾಗುವುದಿಲ್ಲ, ರುಚಿ ಬದಲಾಗುವುದಿಲ್ಲ, ಮತ್ತೆ ಕುದಿಸಿದರೂ ಆ ವಿಷ ಹೋಗುವುದಿಲ್ಲ. ಹಾಗಾಗಿ ಮೂಸಿ ನೋಡಿ ಚೆನ್ನಾಗಿದೆ ಎಂದು ತೀರ್ಮಾನಿಸಬೇಡಿ. ಬೆರಳಿಗೆ ಗಾಯವಿದ್ದರೆ ಆ ದಿನ ಬೇರೆಯವರ ಕೈಲಿ ಮಾಡಿಸಿ.

ಶನಿವಾರ ಫ್ರಿಜ್ ಖಾಲಿ ಮಾಡಿಕೊಳ್ಳಿ. ಭಟ್ಟರ ತರಕಾರಿ, ಹೂವು, ಮೊಸರಿನ ಪಾತ್ರೆ ಎಲ್ಲ ಅದೇ ಫ್ರಿಜ್‌ಗೆ ಬಂದರೆ ಬಾಗಿಲು ತೆಗೆಯುವುದೇ ಕೆಲಸವಾಗುತ್ತದೆ. ಕರೆಂಟ್ ಹೋದಾಗ ಬಾಗಿಲು ತೆಗೆಯದಿದ್ದರೆ ಫ್ರಿಜ್ ನಾಲ್ಕು ಗಂಟೆಯವರೆಗೆ ತಂಪು ಹಿಡಿದಿಡುತ್ತದೆ. ಫ್ರೀಜರ್‌ನಲ್ಲಿ ಎರಡು ಲೀಟರಿನ ನೀರಿನ ಬಾಟಲಿಗಳನ್ನು ಹೆಪ್ಪುಗಟ್ಟಿಸಿಟ್ಟಿರಿ. ಕರೆಂಟ್ ಹೋದ ತಕ್ಷಣ ಅವನ್ನು ಬಟ್ಟಲಿನ ಅಕ್ಕಪಕ್ಕ ಇಳಿಸಿದರೆ ಇನ್ನಷ್ಟು ಹೊತ್ತು ತಡೆಯುತ್ತದೆ. ರಾತ್ರಿಯಿಡೀ ಕರೆಂಟ್ ಇಲ್ಲದೆ ಹೋಗಿ, ಬೆಳಿಗ್ಗೆ ಬಟ್ಟಲು ಮುಟ್ಟಿದರೆ ತಣ್ಣಗಿಲ್ಲ ಎನಿಸಿದರೆ, ನೋವಾದರೂ ಬಡಿಸಬೇಡಿ. ಅದಕ್ಕೆಂದೇ ಒಂದು ಡಬ್ಬ ತಿರುಳು, ಒಂದು ಪೊಟ್ಟಣ ರಸ್ಕು, ಎರಡು ಲೀಟರ್ ಹಾಲು ಹೆಚ್ಚಿಗೆ ಇಟ್ಟುಕೊಂಡಿರಿ. ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದರೂ ಸಣ್ಣ ಲೋಟಗಳಲ್ಲಿ ಕಟ್ಟಿ ಐಸ್ ಪೆಟ್ಟಿಗೆಯಲ್ಲಿಟ್ಟರೆ ಮಧ್ಯಾಹ್ನ ಒಂದಕ್ಕೆ ಕೂತಿರುತ್ತದೆ. ದೊಡ್ಡ ಬಟ್ಟಲಿಗಿಂತ ಲೋಟ ಬೇಗ ತಣಿಯುತ್ತದೆ.

ಇಷ್ಟೆಲ್ಲ ಯಾಕೆ, ಫ್ರೀಜರ್‌ನಲ್ಲೇ ಇಟ್ಟರಾಯಿತಲ್ಲ ಎಂದು ಕೆಲವರು ಕೇಳುತ್ತಾರೆ. ಆಗದು. ಹೆಪ್ಪುಗಟ್ಟಿ ಕರಗಿದ ಪಿಷ್ಟದ ಕಸ್ಟರ್ಡು ನೆನೆದ ಸ್ಪಂಜಿನಂತೆ ಹಿಂಡಿಕೊಂಡು ನೀರು ಕಾರುತ್ತದೆ, ಹಣ್ಣು ಮೆತ್ತಗಾಗುತ್ತದೆ, ರಮ್ ಕುಡಿದ ಕೇಕು ಮಾತ್ರ ಪೂರ್ತಿ ಗಟ್ಟಿಯಾಗುವುದೂ ಇಲ್ಲ. ಗುರುವಾರದ ಕೇಕನ್ನು ಬೇಕಾದರೆ ಬಿಡಿಯಾಗಿ ಫ್ರೀಜರ್‌ನಲ್ಲಿಡಿ, ಅದಕ್ಕೆ ಏನೂ ಆಗದು.

ಭಾನುವಾರ ಊಟ ಶುರುವಾದ ಮೇಲೆ ಬಟ್ಟಲು ಹೊರಗೆ ಬರಲಿ, ಹೋಳಿಗೆಯ ಜೊತೆ ಮೇಜಿನ ಮೇಲೆ ಮೊದಲೇ ಇಡಬೇಡಿ. ತಟ್ಟೆಯಲ್ಲಿ ಐಸ್ ಹರಡಿ ಅದರ ಮೇಲೆ ಬಟ್ಟಲಿಡಿ. ಮಾವನವರಿಗೆ ಬಡಿಸುವಾಗ ಸೌಟನ್ನು ಗಾಜಿನ ಅಂಚಿನಗುಂಟ ತಳದವರೆಗೆ ಇಳಿಸಿ ಒಮ್ಮೆಲೇ ಎತ್ತಿ, ಎಲ್ಲ ಪದರವೂ ಒಂದೇ ಸೌಟಿನಲ್ಲಿ ಬರುತ್ತದೆ. ಒಂದು ಗಂಟೆ ಹೊರಗಿದ್ದು ಉಳಿದದ್ದನ್ನು ಸಂಜೆಗೆಂದು ಎತ್ತಿಡಬೇಡಿ. ಆ ಹೊತ್ತಿಗೆ ತಳ ಕಂಡರೆ, ನೀರು ನಿಂತಿದೆಯೇ ಎಂದು ಒಮ್ಮೆ ಬಗ್ಗಿ ನೋಡಿ.